ಕೈಗೆ ಸೇರದ ಉಣ್ಣೆ

ಡಾರ್ಕಸ್ ಪೆನ್‌ಫೋಲ್ಡ್ ದುಡಿಮೆಮನೆಯ ಬಾಗಿಲು ದಾಟಿದಾಗ ಅವಳ ಬಾಯಲ್ಲಿ ಉಣ್ಣೆ ಇತ್ತು.

ಬೇರೆಲ್ಲಿ ಇಟ್ಟುಕೊಳ್ಳಬೇಕಿತ್ತು? ಗತಿಯಿಲ್ಲದವರನ್ನು ಇಟ್ಟುಕೊಂಡು ದುಡಿಸುವ ಆ ಮನೆಯೊಳಗೆ ಕಾಲಿಟ್ಟ ಕೂಡಲೇ ಮೈಮೇಲಿನದೆಲ್ಲ ಕಳಚಿಸುತ್ತಾರೆ ಅನ್ನುವುದು ಆ ಗುಡ್ಡಗಾಡಿಗೆಲ್ಲ ಗೊತ್ತಿದ್ದ ಸಂಗತಿ. ಶಾಲು, ಲಂಗ, ಕಾಲುಚೀಲ, ಒಳಗಿನ ಬಟ್ಟೆ, ಯಾವುದನ್ನೂ ಬಿಡುವುದಿಲ್ಲ. ಕಳಚಿದ್ದನ್ನು ಗಂಟು ಕಟ್ಟಿ ಉಗ್ರಾಣಕ್ಕೆ ಎಸೆಯುತ್ತಾರೆ. ಡಾರ್ಕಸ್‌ಳ ಎಡದವಡೆಯ ಹಲ್ಲುಗಳು ಉದುರಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಜಾಗ ಬೇಕಾದಷ್ಟಿತ್ತು. ಬಾಗಿಲ ಗಂಟೆ ಬಾರಿಸುವ ಮೊದಲು ಅಲ್ಲಿಗೆ ತುರುಕಿಕೊಂಡಿದ್ದಳು.

ಬಾಗಿಲಲ್ಲಿ ಮೇಟ್ರನ್ ನಿಂತಿದ್ದಳು. ದುಡಿಮೆಮನೆಯ ಮೇಲ್ವಿಚಾರಕ ಕ್ರಾಡಕ್‌ನ ಹೆಂಡತಿ. ಹೆಸರೇನು ಎಂದು ಕೇಳಿದಳು. ಡಾರ್ಕಸ್ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದಳು. ಬಿಡಲಿಲ್ಲ.

"ಮೂಗೀನೇನೇ ನೀನು?" ಎಂದು ಮೇಟ್ರನ್ ಕೆನ್ನೆಗೆ ಒಂದು ಬಿಟ್ಟಳು. ಕೆನ್ನೆಯೊಳಗೆ ಉಣ್ಣೆ ಇದ್ದುದರಿಂದ ಏಟು ಅಷ್ಟಾಗಿ ತಾಗಲಿಲ್ಲ. ಮರ್ಯಾದೆಗೆ ತಾಗಿತು.

ಪಕ್ಕದಲ್ಲಿ ಕೋಲೂರಿ ನಿಂತಿದ್ದ ಗಂಡ ಜೇಬೆಜ್ ಟೊಪ್ಪಿಗೆ ತೆಗೆದು ಹೇಳಿದ: "ಡಾರ್ಕಸ್ ಅಂತ ಕಣ್ರವ್ವ, ನನ್ನ ಹೆಂಡ್ತಿ. ಅಪರೂಪಕ್ಕೆ ಒಂದೊಂದ್ಸಲ ಮಾತಾಡಲ್ಲ. ಅವತ್ತು ನನ್ನ ಪುಣ್ಯ."

ಅದಕ್ಕೆ ತಕ್ಕ ಉತ್ತರ ಡಾರ್ಕಸ್‌ಳ ನಾಲಿಗೆಯ ತುದಿಯಲ್ಲೇ ಇತ್ತು. ಉಣ್ಣೆ ಅಡ್ಡ ಬಂತು. ಅಷ್ಟರಲ್ಲಿ ಒಬ್ಬ ಆಳು ಬಂದು ಜೇಬೆಜ್‌ನ ರಟ್ಟೆ ಹಿಡಿದು ಗಂಡಸರ ಕಡೆಯ ಬಾಗಿಲಿಗೆ ನಡೆಸಿದ. ಅವಳನ್ನು ಹೆಂಗಸರ ಕಡೆಗೆ ತಳ್ಳಿದರು. ಅವಳ ಪಕ್ಕದಲ್ಲಿ ನಿಂತು ಅವನು ಆಡಿದ ಕೊನೆಯ ಮಾತು ಅದೇ.

ಒಳಗೆ ಬಟ್ಟೆ ಬಿಚ್ಚಿಸಿದರು. ಅರವತ್ತು ದಾಟಿದ ಹೆಂಗಸು, ಗಂಡ ಕೂಡ ಹಗಲು ಬೆಳಕಲ್ಲಿ ನೋಡದ ಮೈ. ಕಲ್ಲಿನ ತೊಟ್ಟಿಯಲ್ಲಿ ನಿಲ್ಲಿಸಿ ತಣ್ಣೀರು ಸುರಿದರು. ಮುಂಚೆ ಬಂದವರು ಮಿಂದ ನೀರು ಅದು. ಹೇನಿರಲಿ ಇಲ್ಲದಿರಲಿ ಕೂದಲು ಕತ್ತರಿಸಿದರು. ಆಮೇಲೆ ಪಟ್ಟೆ ಪಟ್ಟೆಯ ಒರಟು ಅಂಗಿ, ಬಿಳಿ ಟೊಪ್ಪಿಗೆ. ಅಂಗಿಯ ಮೇಲೆ ದುಡಿಮೆಮನೆಯ ಮುದ್ರೆ. ಕದ್ದು ಓಡಿದರೆ ಗುರುತು ಸಿಗಲೆಂದು. ಆ ಅಂಗಿಯನ್ನು ಕದಿಯುವಷ್ಟು ಗತಿಗೆಟ್ಟವರು ಹೊರಗೆ ಯಾರಿದ್ದರೋ ದೇವರೇ ಬಲ್ಲ.

ಅವಳು ಬಾಯೊಳಗಿನ ಉಣ್ಣೆಯನ್ನು ಒಣಗಿಸಿ ಟೊಪ್ಪಿಗೆಯ ಅಂಚಿನ ಮಡಿಕೆಯಲ್ಲಿಟ್ಟು ಹೊಲಿದುಕೊಂಡಳು.

ಆ ಉಣ್ಣೆ ಜೇಬೆಜ್‌ನ ಕೈಗೆ ಸೇರಬೇಕಾದದ್ದು. ಬದುಕಿರುವ ಕೈಗಲ್ಲ, ಸತ್ತ ಕೈಗೆ. ಆ ಸುಣ್ಣದಕಲ್ಲಿನ ಗುಡ್ಡಗಳಲ್ಲಿ ಕುರಿ ಕಾಯುವವನು ಸತ್ತರೆ ಬಲಗೈಯಲ್ಲಿ ಒಂದು ಕುಚ್ಚು ಉಣ್ಣೆ ಇಟ್ಟು ಮಣ್ಣು ಮಾಡುತ್ತಾರೆ. ಕುರಿ ಕಾಯುವವನಿಗೆ ಭಾನುವಾರ ಇಲ್ಲ. ಚರ್ಚಿನ ಗಂಟೆ ಬಾರಿಸಿತೆಂದು ಈಯುವ ಕುರಿ ತಡೆದುಕೊಳ್ಳುವುದಿಲ್ಲ. ಮೇಲೆ ಹೋದಾಗ, ಯಾಕಪ್ಪಾ ಪ್ರಾರ್ಥನೆಗೆ ಒಂದು ವಾರವೂ ಬರಲಿಲ್ಲ ಎಂದು ಕೇಳುತ್ತಾರೆ. ಆಗ ಅವನು ಕೈ ತೆರೆದು ತೋರಿಸುತ್ತಾನೆ. ಉಣ್ಣೆ ನೋಡಿದರೆ ಅಲ್ಲಿಯವರಿಗೆ ಗೊತ್ತಾಗುತ್ತದೆ. ಒಳಗೆ ಬಿಡುತ್ತಾರೆ.

ಜೇಬೆಜ್‌ಗೆ ಪಾದ್ರಿಯ ಮಾತಿನಲ್ಲಿ ಅಷ್ಟಕ್ಕಷ್ಟೇ. ಆದರೆ ಇದರಲ್ಲಿ ಪೂರ್ತಿ ನಂಬಿಕೆ. ಅವನ ಅಪ್ಪ, ಅಜ್ಜ ಎಲ್ಲ ಹಾಗೇ ಹೋದವರು. ಟಗರು ಗುಮ್ಮಿ ಅವನ ಸೊಂಟ ಮುರಿಯಿತು. ಮಂದೆಯ ಹಿಂದೆ ಓಡಾಡಲು ಆಗುವುದಿಲ್ಲ ಅಂತಾದ ಮೇಲೆ ಧಣಿ ಬಕ್‌ವೆಲ್ ಗುಡಿಸಲು ಬಿಡಿಸಿದ. ಹೊಸ ಕುರಿಯಾಳಿಗೆ ಗುಡಿಸಲು ಬೇಕಿತ್ತು. ಹುಡುಗನಾಗಿದ್ದಾಗಿನಿಂದ ಜೇಬೆಜ್ ಕಾದದ್ದೆಲ್ಲ ಬಕ್‌ವೆಲ್ ಮನೆತನದ ಕುರಿಗಳನ್ನೇ. ಹೊರಡುವ ದಿನ ಅವನು ಕುಂಟುತ್ತ ದೊಡ್ಡಿಗೆ ಹೋಗಿ, ತಾನೇ ಹೆರಿಗೆ ಮಾಡಿಸಿ ಬದುಕಿಸಿದ ಒಂದು ಮುದಿ ಕುರಿಯ ಕುತ್ತಿಗೆಯಿಂದ ಅಷ್ಟು ಉಣ್ಣೆ ಕಿತ್ತು ತಂದ. ಅವನ ಬಲಗೈಯ ತೋರುಬೆರಳು ಅರ್ಧವಷ್ಟೇ ಇತ್ತು. ಹಿಂದೆ ಯಾವಾಗಲೋ ನರಿ ಹಿಡಿಯುವ ಕತ್ತರಿಬೋನಿಗೆ ಸಿಕ್ಕು ಮಿಕ್ಕರ್ಧ ಹೋಗಿತ್ತು. ಆ ಮೋಟುಬೆರಳಿನ ಕೈಯಿಂದ ಉಣ್ಣೆಯನ್ನು ಅವಳ ಅಂಗೈಗೆ ಒತ್ತಿದ.

"ನಾನು ಹೋದಾಗ ಕೈಲಿಡು. ಮರೀಬೇಡ. ಮರೆತೆ ಅಂದ್ರೆ, ಬಾಗಿಲಲ್ಲೇ ನಿಂತು ನಿನ್ನ ಹೆಸರು ಹಿಡಿದು ಕೂಗ್ತೀನಿ" ಎಂದಿದ್ದ.

ಇಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಅವಳ ಹತ್ತಿರ ಕೊಡಲು ಮಿಕ್ಕಿದ್ದೇ ಅದೊಂದು.

ಅವರೇನು ಈ ಮನೆಗೆ ಆಸೆಪಟ್ಟು ಬಂದವರಲ್ಲ. ಯಾವುದಾದರೂ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತೇವೆ, ವಾರಕ್ಕಿಷ್ಟು ರೊಟ್ಟಿ ಕೊಡಿ ಎಂದು ಪೋಷಕರ ಮಂಡಳಿಯ ಮುಂದೆ ನಿಂತು ಕೇಳಿದ್ದರು. ಬಡವರನ್ನು ನೋಡಿಕೊಳ್ಳುವ ದೊಡ್ಡವರಿಗೆ ಪೋಷಕರೆಂದೇ ಹೆಸರು. ಬಕ್‌ವೆಲ್ ಕೂಡ ಅವರಲ್ಲೊಬ್ಬ. ಹೊರಗಿದ್ದವರಿಗೆ ರೊಟ್ಟಿ ಕೊಟ್ಟರೆ ಊರೆಲ್ಲ ಸೋಮಾರಿಗಳಾಗುತ್ತಾರೆ, ಬೇಕಿದ್ದರೆ ಒಳಗೆ ಬನ್ನಿ ಎಂದರು. ಒಳಗಿನ ಬದುಕು ಹೊರಗಿನ ಎಂಥ ಬಡತನಕ್ಕಿಂತಲೂ ಕಡೆಯಾಗಿರಬೇಕು ಅನ್ನುವುದು ಅವರ ಲೆಕ್ಕಾಚಾರ. ಇಲ್ಲದಿದ್ದರೆ ಜನ ಒಳಗೆ ಬರಲು ಹೆದರುವುದಿಲ್ಲವಲ್ಲ. ಸೊಂಟ ಮುರಿದವನನ್ನು ಹೆದರಿಸಿ ಯಾವ ಕೆಲಸಕ್ಕೆ ಕಳಿಸಬೇಕೆಂದಿದ್ದರೋ ಯಾರೂ ಹೇಳಲಿಲ್ಲ.

ಒಳಗೆ ಹೆಂಗಸರಿಗೆ ಹಗ್ಗ ಬಿಚ್ಚುವ ಕೆಲಸ. ಹಡಗಿನ ಹಳೆಯ ಹಗ್ಗ, ಡಾಂಬರು ಮೆತ್ತಿ ಕಲ್ಲಾದದ್ದು. ಅದರ ಹುರಿ ಬಿಚ್ಚಬೇಕು, ಎಳೆ ಬಿಡಿಸಬೇಕು, ತೊಡೆಯ ಮೇಲೆ ಹೊಸೆದು ಹೊಸೆದು ನಾರು ಮಾಡಬೇಕು. ಹಡಗಿನ ಹಲಗೆಯ ಸಂದಿಗೆ ತುಂಬಲು ಅದು ಬೇಕಂತೆ. ಮೊದಲು ಉಗುರು ಒಡೆಯುತ್ತದೆ. ಆಮೇಲೆ ಬೆರಳ ತುದಿ. ಆಮೇಲೆ ಆ ಒಡಕಿಗೆ ಡಾಂಬರು ಇಳಿಯುತ್ತದೆ. ಡಾರ್ಕಸ್ ಬದುಕಿಡೀ ಉಣ್ಣೆ ಬಿಡಿಸಿದವಳು. ಉಣ್ಣೆ ಬಿಡಿಸಿದರೆ ಕೈ ಮೆತ್ತಗಾಗುತ್ತದೆ, ಕುರಿಯ ಜಿಡ್ಡು ಕೈಗೆ ಹತ್ತುತ್ತದೆ. ಈ ಹಗ್ಗ ಬೆರಳನ್ನು ತಿಂದಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ರೊಟ್ಟಿ, ಒಂದು ಚೂರು ಚೀಸ್. ವಯಸ್ಸಾದವರಿಗೆಂದು ಒಂದು ಲೋಟ ಟೀ. ಆ ಟೀಯೊಂದನ್ನೇ ಮನುಷ್ಯರಂತೆ ಕುಡಿಯುತ್ತಿದ್ದರು. ತಪ್ಪು ಮಾಡಿದವರಿಗೆ ಮೊದಲು ನಿಲ್ಲುತ್ತಿದ್ದದ್ದೂ ಅದೇ.

ಗಂಡಹೆಂಡಿರ ನಡುವೆ ಗೋಡೆ. ಮುದುಕರಾದ ದಂಪತಿ ಕೇಳಿದರೆ ಒಂದೇ ಕೋಣೆ ಕೊಡಬೇಕೆಂದು ಕಾನೂನು ಬಂದಿತ್ತು. ಡಾರ್ಕಸ್ ಕೇಳಿದಳು. ಕಾನೂನು ಇದೆ, ಕೋಣೆ ಇಲ್ಲ ಎಂದ ಕ್ರಾಡಕ್. ಪ್ರಾರ್ಥನೆಯ ಕೋಣೆಯಲ್ಲಿ ಮಾತ್ರ ಇಬ್ಬರೂ ಒಂದೇ ಸೂರಿನಡಿ. ನಡುವೆ ದಾರಿ, ಆ ಕಡೆ ಗಂಡಸರು, ಈ ಕಡೆ ಹೆಂಗಸರು. ತಿರುಗಿ ನೋಡಬಾರದು. ಅವಳು ಅವನ ಕೆಮ್ಮನ್ನು ಗುರುತು ಹಿಡಿದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಬದುಕಿಡೀ ಭಾನುವಾರ ತಪ್ಪಿಸಿದವನು ಈಗ ಒಂದು ವಾರವೂ ತಪ್ಪಿಸುವಂತಿರಲಿಲ್ಲ.

ಆದರೆ ಜೇಬೆಜ್ ಒಂದು ದಾರಿ ಕಂಡುಕೊಂಡಿದ್ದ. ದಿನಾ ಸಂಜೆ ಗಂಡಸರು ಕಲ್ಲು ಒಡೆಯುವ ಅಂಗಳದಿಂದ ಒಂದು ಸಿಳ್ಳೆ ಬರುತ್ತಿತ್ತು. ಉದ್ದ ಒಂದು, ಮೊಟಕು ಒಂದು. ದೂರ ಹೋದ ನಾಯಿಯನ್ನು ಮನೆಗೆ ಕರೆಯುವ ಸಿಳ್ಳೆ. ಅದಕ್ಕೆ ಅವನ ಚೀಸ್ ನಿಲ್ಲಿಸಿದರು. ಅವನು ಸಿಳ್ಳೆ ನಿಲ್ಲಿಸಲಿಲ್ಲ.

ಡಾರ್ಕಸ್‌ಳ ಪಕ್ಕದಲ್ಲಿ ಕೂತು ಹಗ್ಗ ಬಿಚ್ಚುತ್ತಿದ್ದ ಥರ್ಜಾ ನಗುತ್ತಿದ್ದಳು. ಥರ್ಜಾ ಮದುವೆಯಾಗದೆ ಬಸುರಾದವಳು, ಮಗುವನ್ನು ಇಲ್ಲೇ ಹೆತ್ತು ಇಲ್ಲೇ ಕಳೆದುಕೊಂಡವಳು. ಅವಳ ಬಾಯಿಗೆ ಬೀಗ ಇರಲಿಲ್ಲ.

"ಏನಜ್ಜಿ, ನಿನ್ನ ಗಂಡ ನಿನ್ನನ್ನ ನಾಯಿ ಕರೆದಂಗೆ ಕರೀತಾನೆ, ನಿಂಗೆ ಮುಖ ಅರಳ್ತದೆ."

"ಆ ನಾಯೀನ ನನಗಿಂತ ಚೆನ್ನಾಗಿ ನೋಡ್ಕೊಂಡಿದ್ರು ಕಣೆ" ಎಂದಿದ್ದಳು ಡಾರ್ಕಸ್. "ನಾಯಿ ಸಿಳ್ಳೇಲಿ ಕರೆದ್ರೆ ಅದೇ ದೊಡ್ಡ ಮಾತು."

ಚಳಿ ಶುರುವಾದ ಮೇಲೆ ಒಂದು ಸಂಜೆ ಸಿಳ್ಳೆ ಬರಲಿಲ್ಲ. ಮರುದಿನವೂ ಇಲ್ಲ. ಗಂಡನಿಗೆ ಏನಾಗಿದೆ, ನೋಡಲು ಬಿಡಿ ಎಂದು ಅವಳು ಮೇಟ್ರನ್ ಕಾಲು ಹಿಡಿದಳು. ಅಪ್ಪಣೆ ಮಂಡಳಿಯಿಂದ ಬರಬೇಕು, ಮಂಡಳಿ ಸೇರುವುದು ವಾರಕ್ಕೊಂದು ಸಲ ಎಂದಳು ಮೇಟ್ರನ್. ಕಾಯಿಲೆಯ ಕೋಣೆ, ಹೆಣದ ಕೋಣೆಗಳ ನೆಲ ಉಜ್ಜುವ ಕೆಲಸ ಥರ್ಜಾಳದು. ಅವಳು ಬಂದು ಎದೆಗೆ ಚಳಿ ಹೊಕ್ಕಿದೆ ಎಂದು ಹೇಳಿದಳು. ನಿನ್ನ ಹೆಸರು ಹಿಡಿದು ಕರೆಯುತ್ತಿದ್ದಾನೆ ಎಂದೂ ಹೇಳಬೇಕೆಂದಿದ್ದಳು, ಹೇಳಲಿಲ್ಲ. ಡಾರ್ಕಸ್ ಅವಳ ಮುಖದಲ್ಲೇ ಅದನ್ನು ಓದಿಕೊಂಡಳು.

ಮಂಡಳಿ ಸೇರುವ ದಿನಕ್ಕೆ ಜೇಬೆಜ್ ಕಾಯಲಿಲ್ಲ. ಮೇಟ್ರನ್ ಹಗ್ಗದ ಕೋಣೆಗೆ ಬಂದು, ನಿನ್ನ ಗಂಡ ಬೆಳಿಗ್ಗೆ ಹೋದ, ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಕೈ ನಿಲ್ಲಿಸಬೇಡ ಎಂದೂ ಹೇಳಿದಳು.

ಡಾರ್ಕಸ್ ಅಳುವುದಕ್ಕೆ ಮುಂಚೆ ಎದ್ದಳು. ನೆಟ್ಟಗೆ ಕ್ರಾಡಕ್‌ನ ಕೋಣೆಗೆ ಹೋದಳು. ಕೇಳುವವರಿಲ್ಲದ ಹೆಣವನ್ನು ದೊಡ್ಡ ಊರಿನ ವೈದ್ಯಶಾಲೆಗೆ ಕಳಿಸುತ್ತಾರೆ, ಅಲ್ಲಿ ಹುಡುಗರು ಅದನ್ನು ಕುಯ್ದು ಪಾಠ ಕಲಿಯುತ್ತಾರೆ. ಅದಕ್ಕೂ ಕಾನೂನು ಇತ್ತು. ಆ ಕಾನೂನಿಗೆ ಮಾತ್ರ ಯಾವತ್ತೂ ಕೋಣೆಯ ಕೊರತೆ ಬೀಳಲಿಲ್ಲ. ಕಳಿಸಿದವರ ಕೈಗೂ ಏನಾದರೂ ಬೀಳುತ್ತದೆ ಎಂದು ಒಳಗಿನವರೆಲ್ಲ ಪಿಸುಗುಡುತ್ತಿದ್ದರು.

"ನಮ್ಮೋರನ್ನ ಕುಯ್ಯೋರಿಗೆ ಕೊಡಬೇಡಿ ಬುದ್ಧಿ" ಎಂದಳು. "ಕೇಳೋಕೆ ಹೆಂಡ್ತಿ ನಾನಿದೀನಿ. ಮಣ್ಣು ಮಾಡಿ. ಮುಚ್ಚೋಕೆ ಮುಂಚೆ ಒಂದ್ಸಲ ನೋಡ್ತೀನಿ, ಅಷ್ಟೇ."

ಕ್ರಾಡಕ್ ಬೈಯಲಿಲ್ಲ. ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು. ಅಯ್ಯೋ ಅಜ್ಜಿ, ನಾವೇನು ರಾಕ್ಷಸರೇ, ಶುಕ್ರವಾರ ಚರ್ಚಿನ ಮಣ್ಣಿಗೇ ಇಡುತ್ತೇವೆ, ನೋಡುವೆಯಂತೆ, ಎಂದು ಬೆನ್ನು ತಟ್ಟಿ ಕಳಿಸಿದ.

ಶುಕ್ರವಾರ ಹೆಣದ ಕೋಣೆಗೆ ಕರೆದರು. ನಯ ಮಾಡದ ಒರಟು ಹಲಗೆಯ ಪೆಟ್ಟಿಗೆ, ಒಳಗೆ ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಗಂಡಸು. ಮುಖಕ್ಕೂ ಬಟ್ಟೆ ಕಟ್ಟಿದ್ದರು. ಜ್ವರದ ಹೆಣ, ಮುಖ ಬಿಚ್ಚಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದ ಕ್ರಾಡಕ್. ಪಾದ್ರಿ ಕೆಮ್ಮಿ ಗಡಿಯಾರ ನೋಡಿದ.

ಡಾರ್ಕಸ್ ಮುಖ ಬಿಚ್ಚಲಿಲ್ಲ. ಬೇಕೂ ಇರಲಿಲ್ಲ. ಐವತ್ತು ವರ್ಷ ನೋಡಿದ ಮುಖ. ಅವಳು ಟೊಪ್ಪಿಗೆಯ ಅಂಚಿನ ಹೊಲಿಗೆ ಬಿಚ್ಚಿ ಉಣ್ಣೆ ತೆಗೆದಳು. ಬಟ್ಟೆಯೊಳಗೆ ಕೈ ತೂರಿಸಿ ಸತ್ತವನ ಬಲಗೈ ಹುಡುಕಿದಳು. ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.

ಹೆಬ್ಬೆರಳು. ತೋರುಬೆರಳು. ತೋರುಬೆರಳು ಪೂರ್ತಿ ಇತ್ತು, ತುದಿಯಲ್ಲಿ ಉಗುರೂ ಇತ್ತು.

ಅವಳು ಆ ಬೆರಳನ್ನು ಬುಡದಿಂದ ತುದಿಯ ತನಕ ಇನ್ನೊಮ್ಮೆ ಸವರಿದಳು. ಹೆಂಗಸು ಗಂಡನ ಮುಖ ನೋಡಲು ಬರುತ್ತಾಳೆ ಎಂದು ಕ್ರಾಡಕ್ ಮುಖ ಕಟ್ಟಿಸಿದ್ದ. ಕುರಿ ಕಾಯುವವನ ಹೆಂಡತಿ ಕೈ ನೋಡಲು ಬರುತ್ತಾಳೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

"ಇದು ನಮ್ಮೋರ ಕೈಯಲ್ಲ" ಎಂದಳು.

ಸತ್ತ ಮೇಲೆ ಕೈ ಊದಿಕೊಳ್ಳುತ್ತದೆ ಅಜ್ಜಿ, ಬೇರೆ ತರಹ ಕಾಣುತ್ತದೆ ಎಂದ ಕ್ರಾಡಕ್.

"ಸತ್ತ ಮೇಲೆ ಬೆರಳು ಬೆಳೀತದಾ ಬುದ್ಧಿ?"

ಪಾದ್ರಿ ಪುಸ್ತಕ ಮುಚ್ಚಿದ. ಕ್ರಾಡಕ್ ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ಮುಚ್ಚಳ ಎತ್ತಿದರು. ಅವಳು ಅಡ್ಡ ಬಿದ್ದಳು. ನಮ್ಮೋರೆಲ್ಲಿ, ನಮ್ಮೋರನ್ನ ಏನು ಮಾಡಿದಿರಿ ಎಂದು ಕೂಗಿದಳು. ಪೆಟ್ಟಿಗೆಯ ಅಂಚು ಹಿಡಿದವಳನ್ನು ಬೆರಳು ಬೆರಳಾಗಿ ಬಿಡಿಸಿದರು. ಡಾಂಬರು ಇಳಿದ ಆ ಬೆರಳುಗಳಿಗೆ ಹೆಚ್ಚು ಹೊತ್ತು ಹಿಡಿಯುವ ಶಕ್ತಿ ಇರಲಿಲ್ಲ. ಅವಳು ಉಣ್ಣೆಯನ್ನು ಮಾತ್ರ ಬಿಡದೆ ಮುಷ್ಟಿಯಲ್ಲಿ ಹಿಡಿದಿದ್ದಳು. ಯಾರೋ ಪುಣ್ಯಾತ್ಮನನ್ನು ಜೇಬೆಜ್ ಪೆನ್‌ಫೋಲ್ಡ್ ಎಂಬ ಹೆಸರಲ್ಲಿ ಹೊತ್ತುಕೊಂಡು ಹೋದರು. ಗಲಾಟೆ ಮಾಡಿದ್ದಕ್ಕೆ ಡಾರ್ಕಸ್‌ಳನ್ನು ಕಿಟಕಿಯಿಲ್ಲದ ಶಿಕ್ಷೆಯ ಕೋಣೆಗೆ ಹಾಕಿದರು. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಹೇಳಿದರು.

ಹೊರಗೆ ಬಿಟ್ಟ ಮೇಲೆ ಥರ್ಜಾ ಹಗ್ಗ ಬಿಚ್ಚುತ್ತ, ತಲೆ ಎತ್ತದೆ, ನಡೆದದ್ದನ್ನು ಹೇಳಿದಳು. ಪೆಟ್ಟಿಗೆಯಲ್ಲಿದ್ದವನು ಹಿಂದುಮುಂದಿಲ್ಲದ ಒಬ್ಬ ಮುದುಕ. ವೈದ್ಯಶಾಲೆಗೆ ಹೋಗಬೇಕಿದ್ದವನು ಅವನೇ. ಆದರೆ ಅವನು ಸತ್ತು ದಿನಗಳಾಗಿ ಕೆಡತೊಡಗಿದ್ದ. ಹಳೆಯ ಹೆಣ ಅವರಿಗೆ ಬೇಡ. ಹೊಸದು ಕೈಗೆ ಸಿಕ್ಕಿತ್ತು.

"ರೈಲಲ್ಲಿ ಕಳಿಸವ್ರೆ ಕಣಜ್ಜಿ" ಎಂದಳು ಥರ್ಜಾ. "ಬದುಕಿದ್ದಾಗ ಒಂದಿನಾನೂ ರೈಲು ಹತ್ತಿರಲಿಲ್ಲ ಅಲ್ವಾ?"

"ಇಲ್ಲ" ಎಂದಳು ಡಾರ್ಕಸ್. "ಒಂದ್ಸಲ ಹತ್ಬೇಕು ಅಂತಿದ್ರು."

ಆಗ ಅವಳು ಅತ್ತಳು. ಹಗ್ಗದ ಮೇಲೆ ಬಾಗಿ, ಸದ್ದಿಲ್ಲದೆ, ಕೈ ನಿಲ್ಲಿಸದೆ ಅತ್ತಳು. ಅವನ ಮೋಟುಬೆರಳನ್ನು ಯಾವನೋ ಹುಡುಗ ಎತ್ತಿ ಹಿಡಿದು ನೋಡುತ್ತಿರಬಹುದು. ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಅವನು ಬರಿಗೈಯಲ್ಲಿ ಹೋಗಿದ್ದಾನೆ. ಎಲ್ಲಿದ್ದೆ ಭಾನುವಾರ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಮಾತು ಕೊಟ್ಟವಳು ತಾನು.

ಮಂಡಳಿಯವರು ತಪಾಸಣೆಗೆ ಬರುವ ದಿನ ನೆಲ ಉಜ್ಜಿಸಿದರು, ಹೊಸ ಟೊಪ್ಪಿಗೆ ಹಾಕಿಸಿದರು. ಅವತ್ತಿನ ಗಂಜಿ ಮಂದವಾಗಿತ್ತು. ದೊಡ್ಡವರು ಮಾತಾಡಿಸಿದರೆ ಮಂಡಿ ಬಗ್ಗಿಸಿ, ಉಪಕಾರ ಆಯ್ತು ಬುದ್ಧಿ, ಅನ್ನಬೇಕು. ಮೇಟ್ರನ್ ಅದನ್ನು ಹಗ್ಗದ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಹೇಳಿಸಿದಳು. ಡಾರ್ಕಸ್‌ಳ ಕಿವಿಯ ಹತ್ತಿರ ಬಗ್ಗಿ, ನಾಲಿಗೆ ಉದ್ದ ಮಾಡಿದರೆ ಸಾಯುವ ತನಕ ಟೀ ಕಾಣುವುದಿಲ್ಲ ಎಂದಳು.

"ಸುಮ್ನೆ ಅಂದ್ಬಿಡು ಅಜ್ಜಿ" ಎಂದಳು ಥರ್ಜಾ. "ಅಂದ್ರೆ ಏನು ಹೋಗ್ತದೆ? ನಾನು ಮಗು ಸತ್ತಾಗ್ಲೂ ಅಂದಿದ್ದೆ."

ಅಂದ ಮೇಲೆ ಥರ್ಜಾಳ ಕೈ ತಾನಾಗಿ ನಿಂತಿತು. ಆ ಮಾತು ಅವಳಿಗೇ ಈಗ ಕೇಳಿಸಿದಂತಿತ್ತು.

ಬಕ್‌ವೆಲ್ ಬಂದ. ಹಿಂದೆ ಇನ್ನಿಬ್ಬರು ಪೋಷಕರು, ಅವರ ಹಿಂದೆ ಕ್ರಾಡಕ್. ಗಂಜಿಯ ರುಚಿ ನೋಡಿ ಬಂದಿದ್ದ ಬಕ್‌ವೆಲ್‌ನ ಬಲಗೈಯಿಂದ ಕಳಚಿದ ಕೈಗವಸು ಇನ್ನೂ ಎಡಗೈಯಲ್ಲೇ ಇತ್ತು. ಸಾಲಿನಲ್ಲಿ ಡಾರ್ಕಸ್‌ಳನ್ನು ಕಂಡು ನಿಂತ. ಕೆಟ್ಟವನೇನಲ್ಲ ಅವನು. ಕೆಟ್ಟವನಾಗುವ ಅಗತ್ಯವೇ ಬೀಳದಷ್ಟು ಅನುಕೂಲವಾಗಿದ್ದವನು.

"ಪೆನ್‌ಫೋಲ್ಡ್ ಹೆಂಡ್ತಿ ಅಲ್ವೇನಮ್ಮಾ ನೀನು? ಜೇಬೆಜ್ ಒಳ್ಳೆ ಆಳು. ಮರ್ಯಾದೆಯಾಗಿ ಮಣ್ಣು ಮಾಡಿದ್ವಿ ಅಂತ ಕ್ರಾಡಕ್ ಹೇಳಿದ. ಸಮಾಧಾನ ಆಯ್ತು ತಾನೆ?"

ಡಾರ್ಕಸ್ ಎದ್ದು ನಿಂತಳು. ಮಂಡಿ ಬಗ್ಗಿಸಲಿಲ್ಲ. ಮೇಟ್ರನ್ ಹಿಂದಿನಿಂದ ಅವಳ ಬೆನ್ನು ಚಿವುಟಿದಳು. ಡಾರ್ಕಸ್ ತಲೆಯ ಟೊಪ್ಪಿಗೆ ತೆಗೆದಳು. ಅಡ್ಡಾದಿಡ್ಡಿ ಕತ್ತರಿಸಿದ ಬಿಳಿ ಕೂದಲು ಎಲ್ಲರಿಗೂ ಕಂಡಿತು. ಹೊಸ ಟೊಪ್ಪಿಗೆಯ ಅಂಚಿನಲ್ಲೂ ಹೊಲಿದುಕೊಂಡಿದ್ದಳು. ಮಿಕ್ಕಿದ್ದ ಹಲ್ಲಿನಿಂದ ದಾರ ಕಡಿದು ಉಣ್ಣೆ ಈಚೆ ತೆಗೆದಳು.

"ಉಪಕಾರ ಅನ್ನು ಅಂತ ಹೇಳ್ಕೊಟ್ಟವ್ರೆ. ಅನ್ನಲ್ಲ" ಎಂದಳು. "ಈ ಮನೆಗೆ ಬಂದ ದಿನ ಬಾಯಲ್ಲಿ ಇದನ್ನ ಇಟ್ಕೊಂಡಿದ್ದೆ, ಅದಕ್ಕೆ ಮಾತಾಡ್ಲಿಲ್ಲ. ಇವತ್ತು ಬಾಯಿ ಖಾಲಿ ಐತೆ."

ಕ್ರಾಡಕ್ ಮುಂದೆ ಬಂದ. ಬಕ್‌ವೆಲ್ ಯಾಕೋ ಕೈ ಅಡ್ಡ ಹಿಡಿದ. ಅವನ ಕಣ್ಣು ಉಣ್ಣೆಯ ಮೇಲಿತ್ತು. ಗುಡ್ಡದ ಕಡೆಯವನೇ ಅವನು. ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಿಮ್ಮ ಮಂದೇದೇ ಉಣ್ಣೆ ಇದು. ನಮ್ಮೋರು ಭಾನುವಾರ ಚರ್ಚಿಗೆ ಬರ್ಲಿಲ್ಲ. ನೀವು ಒಂದು ಭಾನುವಾರಾನೂ ತಪ್ಪಿಸ್ಲಿಲ್ಲ. ಅವರು ಹಿಮದಲ್ಲಿ ನಿಂತಿದ್ದಕ್ಕೇ ನೀವು ಮುಂದಿನ ಬೆಂಚಲ್ಲಿ ಕೂತಿದ್ರಿ. ಇದನ್ನ ಅವರ ಕೈಲಿಡಬೇಕಿತ್ತು. ಪೆಟ್ಟಿಗೇಲಿ ಅವರ ಕೈ ಇರ್ಲಿಲ್ಲ. ಅದನ್ನ ರೈಲಲ್ಲಿ ಕುಯ್ಯೋರಿಗೆ ಕಳಿಸವ್ರೆ."

ಅವಳು ಬಕ್‌ವೆಲ್‌ನ ಬರಿ ಬಲಗೈ ಹಿಡಿದು, ಅಂಗೈಗೆ ಉಣ್ಣೆ ಒತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಹೆಣಕ್ಕೆ ಮಡಿಸುವ ಹಾಗೆ ಮಡಿಸಿದಳು.

"ನೀವೇ ಇಟ್ಕೊಳ್ಳಿ. ಮೇಲೆ ಕೇಳಿದಾಗ ಅವರ ಬದ್ಲು ನೀವೇ ಹೇಳಿ."

ಕ್ರಾಡಕ್‌ನ ಆಳುಗಳು ಅವಳನ್ನು ರಟ್ಟೆ ಹಿಡಿದು ಎಳೆದರು. ಅವಳು ತಡೆಯಲಿಲ್ಲ. ತಲೆ ಕೆಟ್ಟ ಮುದುಕಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕ್ರಾಡಕ್ ಹೇಳುತ್ತಿದ್ದ. ಇನ್ನೊಬ್ಬ ಪೋಷಕ ಮುಂದಿನ ಹೆಂಗಸನ್ನು, ಏನಮ್ಮಾ, ಊಟ ಚೆನ್ನಾಗಿದೆಯಾ, ಎಂದು ಮಾತಾಡಿಸಿದ. ಮುಂದಿನವಳು ಥರ್ಜಾ. ಅವಳು ಅವನ ಮುಖವನ್ನೇ ನೋಡುತ್ತ ಸುಮ್ಮನೆ ಕೂತಳು. ಅವಳಾಚೆಯವಳೂ ಬಾಯಿ ಬಿಡಲಿಲ್ಲ. ಬೆಂಚಿನುದ್ದಕ್ಕೂ ಹಗ್ಗ ಬಿಚ್ಚುವ ಕೈಗಳು ನಿಂತಿದ್ದವು. ಬಾಗಿಲು ದಾಟುವಾಗ ಡಾರ್ಕಸ್ ಒಮ್ಮೆ ತಿರುಗಿ ನೋಡಿದಳು. ಬಕ್‌ವೆಲ್ ಕೋಣೆಯ ನಡುವೆ ನಿಂತೇ ಇದ್ದ. ಉಣ್ಣೆಯನ್ನು ನೆಲಕ್ಕೆ ಹಾಕಲೂ ಆಗದೆ, ಜೇಬಿಗೆ ಹಾಕಲೂ ಆಗದೆ, ಮುಚ್ಚಿದ ಮುಷ್ಟಿಯನ್ನು ಮೈಯಿಂದ ದೂರ ಹಿಡಿದಿದ್ದ.

ಶಿಕ್ಷೆಯ ಕೋಣೆಯ ಬಾಗಿಲು ಹಾಕಿದರು. ಡಾರ್ಕಸ್ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಟೊಪ್ಪಿಗೆ ಎಲ್ಲೋ ಬಿದ್ದುಹೋಗಿತ್ತು, ತಲೆಗೆ ಚಳಿಯಾಗುತ್ತಿತ್ತು. ಗಂಡನ ಜೊತೆ ಮಾತಾಡಿ ಬಹಳ ಕಾಲವಾಗಿತ್ತು. ಈಗ ತಡೆಯುವವರು ಯಾರೂ ಇರಲಿಲ್ಲ.

"ನಿಮ್ಮ ಕೈಲಿಡೋಕಾಗ್ಲಿಲ್ಲ ಕಣ್ರೀ" ಎಂದಳು. "ಬಕ್‌ವೆಲ್ ಕೈಲಿಟ್ಟಿದೀನಿ. ನನ್ನ ಹೆಸರು ಹಿಡಿದು ಕೂಗಬೇಡಿ. ಅವನು ಬರೋ ತನಕ ಆ ಬಾಗಿಲಲ್ಲೇ ನಿಂತಿರಿ."